ಬಟ್ಟೆ ಕೋಣೆಯ ಇಂಗ್ಲಿಷು

ನನ್ನ ಅತ್ತೆ ಇಂಗ್ಲಿಷ್ ಕಲಿತದ್ದು ಬೈಸಿಕೊಂಡು. ಇದನ್ನು ಅವರೇ ಹೇಳಿಕೊಳ್ಳುತ್ತಾರೆ, ಅದೂ ಬೇರೆಯವರು ತಮ್ಮ ಕಾಲೇಜಿನ ಹೆಸರು ಹೇಳುವ ಠೀವಿಯಲ್ಲಿ.

ಒಂಬತ್ತು ಮಹಡಿಯ ಹೋಟೆಲೊಂದರ ನೆಲಮಾಳಿಗೆಯಲ್ಲಿ ಅವರು ಮೂವತ್ತೊಂದು ವರ್ಷದಿಂದ ಇಸ್ತ್ರಿ ಕೆಲಸದಲ್ಲಿದ್ದಾರೆ. ಊಟದ ಹೋಟೆಲಲ್ಲ, ಉಳಿದುಕೊಳ್ಳುವ ಹೋಟೆಲು. ಅಲ್ಲಿಗೆ ಬರುವವರು ಒಂದೆರಡು ದಿನದ ಗಿರಾಕಿಗಳೂ ಅಲ್ಲ. ಕಂಪನಿ ಕೆಲಸಕ್ಕೆಂದು ಬಂದು ತಿಂಗಳುಗಟ್ಟಲೆ ಬೀಡುಬಿಡುವ, ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬಾರದ ಮಂದಿ. ಮಗ, ಎಂದರೆ ನನ್ನ ಗಂಡ, ಒಂದು ವರ್ಷದವನಿದ್ದಾಗ ಅತ್ತೆ ಆ ಕೆಲಸಕ್ಕೆ ಸೇರಿದರು. ಆಗ ಅವರಿಗೆ ಗೊತ್ತಿದ್ದ ಇಂಗ್ಲಿಷ್ ಎಂದರೆ ಯೆಸ್ಸು, ನೋ, ಮತ್ತು ಬಸ್ಸು. ಇಸ್ತ್ರಿಯಾದ ಬಟ್ಟೆಯನ್ನು ಕೋಣೆ ಕೋಣೆಗೆ ಒಯ್ದು ಕೊಡುವಾಗ ಬಾಗಿಲಲ್ಲಿ ನಿಂತವರು ಆಡುತ್ತಿದ್ದ ಎರಡು ಮಾತೇ ಅವರಿಗೆ ಪಾಠಶಾಲೆಯಾಯಿತು.

ಇಂಗ್ಲಿಷಿನವರು ಬೈಯುವ ರೀತಿಯೇ ಬೇರೆ ಎಂದು ಅತ್ತೆ ವರ್ಣಿಸುತ್ತಾರೆ. ಕೆಟ್ಟದಾಗಿ ಮಾಡಿದ್ದೀಯ ಎಂದು ಒಬ್ಬರೂ ಬಾಯಿಬಿಟ್ಟು ಅನ್ನುವುದಿಲ್ಲ. ಆಗಿಹೋದ ಕೆಲಸವನ್ನು ಹೇಳಿ, ಅದರ ಹಿಂದೆ ಒಂದು ಬಾಲ ಕಟ್ಟುತ್ತಾರೆ. ಕಳೆದ ವಾರ ಮಡಿಸಿದ್ದೆಯಲ್ಲ, ಅದಕ್ಕೊಂದು 'ನೀಟರ್', ಎಂದರೆ ಅದು ಇದಕ್ಕಿಂತ ಚೊಕ್ಕ. ಮೊನ್ನೆ ತಂದುಕೊಟ್ಟಿದ್ದೆಯಲ್ಲ, ಅದಕ್ಕೊಂದು 'ಅರ್ಲಿಯರ್'. ಹಿಂದೆ ಇದ್ದವಳು ಇಸ್ತ್ರಿ ಮಾಡಿದ್ದು 'ಫ್ಲ್ಯಾಟರ್'. ನಾವಿದ್ದ ಇನ್ನೊಂದು ಹೋಟೆಲಿನಲ್ಲಿ ಒಗೆದದ್ದು 'ವೈಟರ್'. ಕೆಲಸದ ಮಾತು ಹೇಳುವಾಗ ಮುಖ ಮಾಮೂಲಾಗಿರುತ್ತದೆ, ಬಾಲ ಕಟ್ಟುವಾಗ ಮಾತ್ರ ತುಟಿಯ ಮೇಲೊಂದು ನಗೆ. ಆ ನಗೆ ಕಂಡು ಮೊದಲ ಆರು ತಿಂಗಳು ಅತ್ತೆ ಅವೆಲ್ಲ ಹೊಗಳಿಕೆ ಎಂದೇ ತಿಳಿದು, ಮನೆಗೆ ಬಂದು ಮಾವನ ಹತ್ತಿರ ಜಂಬ ಕೊಚ್ಚಿಕೊಂಡಿದ್ದರಂತೆ.

ಅರ್ಥ ಆದ ದಿನ ಅವರು ಅಳಲಿಲ್ಲ. ಗಂಟಿಗೆ ಕಟ್ಟುವ ಬಟ್ಟೆ ಚೀಟಿಗಳಲ್ಲಿ, ಒಗೆದರೂ ಅಳಿಯದ ಶಾಯಿಯಲ್ಲಿ, ಕೇಳಿದ್ದನ್ನು ಕೇಳಿದ ಹಾಗೆ ಕನ್ನಡ ಅಕ್ಷರದಲ್ಲಿ ಬರೆಯಲು ಶುರುಮಾಡಿದರು. ಯಾವ ಕೋಣೆ, ಏನು ಕೆಲಸ, ಯಾವ ಬಾಲ. ವರ್ಷ ಕಳೆಯುವಷ್ಟರಲ್ಲಿ ಒಂದು ದಿಂಬಿನ ಕವರು ತುಂಬ ಚೀಟಿಗಳಾದವು. ಎರಡನೇ ವರ್ಷ ಅವರು ಉತ್ತರ ಕೊಡಲು ಕಲಿತರು.

ಅವರು ಹೇಳುವ ಒಂದು ವಿಷಯ ನನಗೆ ಈಗಲೂ ಮನಸ್ಸಿನಲ್ಲಿ ಕೂತಿದೆ. ನಮ್ಮಲ್ಲಿ ಯಾರಿಗಿಂತ ಎಂದು ಹೇಳದೆ ಬೈಗುಳ ಪೂರ್ತಿಯಾಗುವುದೇ ಇಲ್ಲ. ಪಕ್ಕದ ಮನೆಯವಳನ್ನು ನೋಡಿ ಕಲಿ ಎಂದು ಬೆರಳು ಮಾಡಿ ತೋರಿಸಿಬಿಡುತ್ತೇವೆ. ಬೈಸಿಕೊಂಡವಳು ಪಕ್ಕದ ಮನೆಯವಳ ಮೇಲಾದರೂ ಹಲ್ಲು ಕಡಿಯಬಹುದು. ಆದರೆ ಆ ಬಾಗಿಲುಗಳಲ್ಲಿ ನಿಂತವರು ಹೋಲಿಸುವ ಹೆಂಗಸನ್ನು ಪರದೆಯ ಹಿಂದೆ ಕೂರಿಸಿಬಿಡುತ್ತಿದ್ದರು. ಎಷ್ಟೋ ಸಲ ಬರೀ 'ಬೆಟರ್' ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಾರಿಗಿಂತ? ಕಾಣದ ಆ ಹೆಂಗಸು ಅತ್ತೆಯ ಜೊತೆ ಲಿಫ್ಟಿನಲ್ಲಿ ಇಳಿದು, ಬಸ್ಸು ಹತ್ತಿ, ಮನೆಗೆ ಬಂದು ತಟ್ಟೆಯ ಎದುರು ಕೂರುತ್ತಿದ್ದಳಂತೆ, ಒಂದೂ ಸುಕ್ಕಿಲ್ಲದ ಬಟ್ಟೆ ತೊಟ್ಟು.

ನಾನು ಸೊಸೆಯಾಗಿ ಬಂದದ್ದು ನಾಲ್ಕು ವರ್ಷದ ಹಿಂದೆ. ಪಟ್ಟಣದ ಶಾಲೆಯಲ್ಲಿ ಓದಿದವಳು, ಇಂಗ್ಲಿಷ್ ಪರೀಕ್ಷೆಯಲ್ಲಿ ಯಾವತ್ತೂ ಎಂಬತ್ತರ ಕೆಳಗೆ ಇಳಿದವಳಲ್ಲ, ಆದರೆ ಎದುರಿಗೆ ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅಂಥ ನಾನು ಬಂದ ಹೊಸತರಲ್ಲೇ ಅತ್ತೆಯ ಚೀಟಿಗಳನ್ನು ತಿದ್ದಲು ಹೋದೆ. ಇದು ತಪ್ಪು, ಕ್ರಿಯೆಯ ಪಕ್ಕದಲ್ಲಿ 'ನೀಟರ್' ಬರುವುದಿಲ್ಲ, 'ಮೋರ್ ನೀಟ್ಲಿ' ಆಗಬೇಕು ಎಂದೆ. ಪುಸ್ತಕದಲ್ಲಿ ಹಾಗೇ ಇದೆ ಎಂದೂ ಸೇರಿಸಿದೆ. ಅತ್ತೆ ಇಸ್ತ್ರಿ ಪೆಟ್ಟಿಗೆ ಕೆಳಗಿಡದೆ ಕೇಳಿದರು:

"ನಿನ್ನ ಪುಸ್ತಕ ನಮ್ಮ ಹೋಟೆಲಲ್ಲಿ ಯಾವ ರೂಮಲ್ಲಿ ಇಳ್ಕೊಂಡಿತ್ತಮ್ಮ?"

ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು.

ಆ ಬಾಲದ ಮಾತು ಬೈಗುಳವಲ್ಲದೆ ಬೇರೆಯದಕ್ಕೂ ಆಗುತ್ತದೆ ಎಂದು ಅತ್ತೆಗೆ ತೋರಿಸಿಕೊಟ್ಟವರು ಆರನೇ ಮಹಡಿಯ ಒಬ್ಬ ಮುದುಕಿ. ಮಗಳ ಜೊತೆ ಬಂದಿದ್ದವರು, ಬಂದ ಮೇಲೆ ಕಾಯಿಲೆ ಬಿದ್ದು ಏಳು ತಿಂಗಳು ಆ ಕೋಣೆಯಲ್ಲೇ ಉಳಿದರು. ಬೆಳಿಗ್ಗೆ ಇಸ್ತ್ರಿಯಾದ ಹಾಸಿಗೆಯ ಬಟ್ಟೆ ಕೊಡಲು ಅತ್ತೆ ಹೋದಾಗ ಆಕೆ ವರದಿ ಒಪ್ಪಿಸುತ್ತಿದ್ದರು. ನಿನ್ನೆಗಿಂತ ಹೆಚ್ಚು ಹೊತ್ತು ಕೂತೆ. ನಿನ್ನೆಗಿಂತ ಚೆನ್ನಾಗಿ ನಿದ್ದೆ ಮಾಡಿದೆ. ನಿನ್ನೆಗಿಂತ ನಿಧಾನವಾಗಿ ನಡೆದೆ, ಆದರೆ ಕಿಟಕಿಯವರೆಗೆ ಹೋದೆ. 'ಲಾಂಗರ್', 'ಬೆಟರ್', 'ಸ್ಲೋಅರ್'. ಅವೇ ಬಾಲಗಳು. ಆದರೆ ಪರದೆಯ ಹಿಂದೆ ಯಾರೂ ಇರಲಿಲ್ಲ. ಆಕೆ ತನ್ನನ್ನು ತಾನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಅಳೆಯುತ್ತಿದ್ದರು. ಆಕೆಯ ಕಾಯಿಲೆ ಏರಿತೇ ಹೊರತು ಇಳಿಯಲಿಲ್ಲ. ಕೊನೆಕೊನೆಗೆ ಹೇಳಲು ಉಳಿದಿದ್ದೆಲ್ಲ ನಿನ್ನೆಗಿಂತ ಕಡಿಮೆಯದೇ. ಅದನ್ನೂ ಆಕೆ ಅಷ್ಟೇ ಗಟ್ಟಿಯಾಗಿ, ಅಷ್ಟೇ ಗತ್ತಿನಲ್ಲಿ ಹೇಳುತ್ತಿದ್ದರಂತೆ.

ಅದಾದ ಮೇಲೆ ಅತ್ತೆ ಪಾಠ ಹೇಳಲು ನಿಂತರು.

ನೆಲಮಾಳಿಗೆಯಲ್ಲಿ ಇಸ್ತ್ರಿ ಹಾಲಿನ ಪಕ್ಕಕ್ಕೆ ಒಂದು ಬಟ್ಟೆ ಕೋಣೆ ಇದೆ. ಮೂರು ಗೋಡೆಗೂ ಮರದ ಹಲಗೆಗಳು, ನಾಲ್ಕನೆಯದರ ಮೇಲೆ ಬಿಸಿಯಾಗಿ ಹರಿಯುವ ಹಬೆ ಕೊಳವೆ, ನಡುವೆ ಉದ್ದ ಮೇಜು. ಹಳೆಯ ಬಟ್ಟೆಗಳು ಖಾಲಿಯಾದ ಮೇಲೆ ಅದು ಸುಮ್ಮನೆ ಬಿದ್ದಿತ್ತು. ಅತ್ತೆ ಆ ಕೋಣೆ ಕೇಳಿ ಒಬ್ಬರಾದ ಮೇಲೊಬ್ಬರಂತೆ ಮೂವರು ಮ್ಯಾನೇಜರುಗಳ ಮುಂದೆ ನಿಂತರು. ಇಬ್ಬರು ಕ್ಯಾರೇ ಅನ್ನಲಿಲ್ಲ. ಮೂರನೆಯವರು ಬೇಸತ್ತು ಕೊಟ್ಟರು. ನಮ್ಮ ಮನೆಯೆಂದರೆ ಎರಡೇ ಕೋಣೆ. ಮದುವೆಯಾದಾಗಿನಿಂದ ಅತ್ತೆಗೆ ತಾವು ಹಾಕಿಕೊಳ್ಳಬಹುದಾದ ಒಂದು ಬಾಗಿಲು ಇರಲಿಲ್ಲ. ಆ ಬಟ್ಟೆ ಕೋಣೆಯ ಬೀಗದಕೈಯನ್ನು ಅವರು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡರು. ಸ್ನಾನಕ್ಕೆ ಹೋಗುವಾಗಲೂ ತೆಗೆಯುತ್ತಿರಲಿಲ್ಲ ಎಂದು ಮಾವ ನಗೆಯಾಡುತ್ತಾರೆ.

ದಿನಾ ಸಂಜೆ ನಾಲ್ಕಕ್ಕೆ ಪಾಳಿ ಮುಗಿದ ಮೇಲೆ ಒಂದು ಗಂಟೆ ತರಗತಿ. ಹಾಸಿಗೆ ಹಾಸುವವರು, ಪಾತ್ರೆ ಕೋಣೆಯವರು, ಲಿಫ್ಟ್ ನಡೆಸುವವನು, ಒಟ್ಟು ಹನ್ನೊಂದು ಮಂದಿ. ಪುಸ್ತಕವಿಲ್ಲ, ಕರಿಹಲಗೆಯಿಲ್ಲ. ಮೊದಲು ಒಂದು ಕೆಲಸ ಮಾಡಬೇಕು, ಮಾಡಿದ್ದನ್ನು ಹೇಳಬೇಕು. ಮತ್ತೆ ಅದನ್ನೇ ಮಾಡಬೇಕು, ಹೇಗೆ ಮಾಡಿದೆ ಎಂದು ಬಾಲ ಕಟ್ಟಬೇಕು. ಬಾಗಿಲು ಹಾಕಿದೆ. ಈ ಸಲ 'ಸಾಫ್ಟರ್' ಹಾಕಿದೆ. ದಿಂಬಿಗೆ ಕವರು ತೊಡಿಸಿದೆ. ಈ ಸಲ 'ಕ್ವಿಕರ್' ತೊಡಿಸಿದೆ. ಮೇಜಿನ ಸುತ್ತ ನಡೆದೆ, ಈ ಸಲ ಸೊಂಟ ನೋಯುತ್ತಿತ್ತು, 'ಸ್ಲೋಅರ್' ನಡೆದೆ. ಒಂದು ಗಂಟೆ ಕಾಲ ಆ ಕೋಣೆಯಲ್ಲಿ ಬಾಗಿಲು ಬಡಿಯುತ್ತಲೇ ಇರುತ್ತಿತ್ತು.

ಆ ತರಗತಿಗೆ ಒಂದೇ ನಿಯಮ. ಹೋಲಿಕೆ ನಿನ್ನ ಜೊತೆ ಮಾತ್ರ. ನಿನ್ನೆಯ ನೀನು, ಆಗಿನ ನೀನು, ಸೋಮವಾರದ ನೀನು, ಯಾರಾದರೂ ಸರಿ. ಆದರೆ ಇನ್ನೊಬ್ಬರನ್ನು ಪಕ್ಕಕ್ಕೆ ಎಳೆದರೆ, ಅವಳಿಗಿಂತ ಬೇಗ ಮಡಿಸಿದೆ ಎಂದರೆ, ಮಡಿಸಿದ್ದನ್ನೆಲ್ಲ ಬಿಚ್ಚಿ ಮತ್ತೆ ಮೊದಲಿಂದ ಮಡಿಸಬೇಕು. ಈ ಶಿಕ್ಷೆ ಅನುಭವಿಸದವರು ಆ ಕೋಣೆಯಲ್ಲಿ ಯಾರೂ ಇಲ್ಲ. ಲಿಫ್ಟಣ್ಣನಂತೂ ಒಂದೇ ಸಂಜೆ ಒಂದು ಬೆಡ್‌ಶೀಟನ್ನು ಒಂಬತ್ತು ಸಲ ಬಿಚ್ಚಿದ್ದನಂತೆ.

ಆ ನಿಯಮ ಮನೆಗೂ ಬಂತು. ನನ್ನ ಮಗುವಿಗೆ ಹತ್ತು ತಿಂಗಳು ತುಂಬಿದರೂ ಅಂಬೆಗಾಲಿಡಲಿಲ್ಲ. ಆಸ್ಪತ್ರೆಯ ಗೋಡೆಯ ಮೇಲಿನ ಪಟ್ಟಿಯಲ್ಲಿ ಎಂಟನೇ ತಿಂಗಳಿಗೆ ಅಂಬೆಗಾಲಿಡುವ ಮಗುವಿನ ಚಿತ್ರವಿದೆ. ಎದುರು ಮನೆಯ ಮಗು ಏಳಕ್ಕೇ ಶುರುಮಾಡಿತ್ತು. ನಾನು ದಿನಕ್ಕೆ ಹತ್ತು ಸಲ ಆ ಮನೆಯ ಬಾಗಿಲ ಕಡೆ ಕಣ್ಣು ಹಾಯಿಸುತ್ತಿದ್ದೆ. ಅನ್ನ ಇಳಿಯುತ್ತಿರಲಿಲ್ಲ. ಒಂದು ದಿನ ಅತ್ತೆಯ ಮುಂದೆ ಎದುರು ಮನೆಯ ಮಗುವಿನ ಮಾತು ತೆಗೆದೆ. ಅವರು ಕಡ್ಡಿ ಮುರಿದ ಹಾಗೆ, ಆ ಮಗು ಈ ಮನೆಯೊಳಗೆ ಬರುವುದು ಬೇಡ, ಬಂದರೆ ನೀನು ಒಗೆದು ಒಣಗಿಸಿ ಮಡಿಸಿಟ್ಟಿರುವುದನ್ನೆಲ್ಲ ಬಿಚ್ಚಿಸುತ್ತೇನೆ ಎಂದರು. ತಮಾಷೆ ಎಂದುಕೊಂಡೆ. ಸಂಜೆ ನಾನು ಮತ್ತೆ ಬಾಯಿ ಜಾರಿದಾಗ ನಿಜವಾಗಿಯೂ ಬಿಚ್ಚಿಸಿದರು. ಹನ್ನೆರಡು ಲಂಗೋಟಿ, ನಾಲ್ಕು ಅಂಗಿ. ನಾನು ಅಳುತ್ತಾ ಮಡಿಸುತ್ತಿದ್ದರೆ, ಅವರು ಪಕ್ಕದಲ್ಲಿ ಮಗುವನ್ನು ಆಡಿಸುತ್ತಾ ಕೂತಿದ್ದರು.

ಹೀಗಿರುವಾಗ ಹೋಟೆಲಿಗೆ ನಾಲ್ಕನೆಯ ಮ್ಯಾನೇಜರು ಬಂದರು. ವಯಸ್ಸು ಚಿಕ್ಕದು, ಮಾತು ಬೆಣ್ಣೆ. ಬಂದ ತಿಂಗಳೊಳಗೆ ನೆಲಮಾಳಿಗೆಯ ಪ್ರತಿ ಬಾಗಿಲನ್ನೂ ತೆಗೆಸಿ ನೋಡಿದರು. ಅತ್ತೆಯನ್ನು ಕರೆಸಿ, ಎದುರಿಗೆ ಕೂರಿಸಿ, ನೀರು ಕೊಟ್ಟು ಮಾತಾಡಿದರು.

"ಅಮ್ಮ, ನೀವು ಮಾಡ್ತಿರೋದು ಒಳ್ಳೇ ಕೆಲಸ, ನಾನಿಲ್ಲ ಅನ್ನಲ್ಲ. ಆದ್ರೆ ಕೋಣೆ ಸುಮ್ನೆ ಕೊಡೋಕಾಗಲ್ಲ. ಹೊರಗಿಂದ ಪರೀಕ್ಷೆ ಮಾಡೋರನ್ನ ಕರೆಸ್ತೀನಿ. ಹನ್ನೊಂದರಲ್ಲಿ ಆರು ಜನ ಪಾಸಾದ್ರೆ ಕೋಣೆ ನಿಮ್ಮದೇ. ಇಲ್ಲಾಂದ್ರೆ ಸೋಪಿನ ಪೆಟ್ಟಿಗೆ ಇಡಿಸ್ತೀನಿ."

ಪಾಸಾದವರ ಅಂಗಿಗೆ ಇಂಗ್ಲಿಷ್ ಬಲ್ಲವರು ಎಂಬ ಬಿಲ್ಲೆ ಸಿಗುತ್ತದೆ, ಬಿಲ್ಲೆ ಸಿಕ್ಕವರನ್ನು ಮುಂಬಾಗಿಲಿನ ಕೆಲಸಕ್ಕೂ ತೆಗೆದುಕೊಳ್ಳಬಹುದು ಎಂದೂ ಹೇಳಿದರು. ಅತ್ತೆ ಒಪ್ಪಿ ಬಂದರು. ತಮ್ಮ ತರಗತಿಯವರು ಮಾತಾಡುತ್ತಾರೆ ಎಂಬ ಧೈರ್ಯ ಅವರಿಗಿತ್ತು. ಧೈರ್ಯವಿಲ್ಲದಿದ್ದದ್ದು ನನಗೆ. ಪರೀಕ್ಷೆಯವರ ಕಚೇರಿಗೆ ಹೋಗಿ ಹಳೆಯ ಪ್ರಶ್ನೆಪತ್ರಿಕೆ ಕೇಳಿ ತಂದೆ. ಬಸ್ಸಿನಲ್ಲೇ ಓದಿದೆ.

ಪರೀಕ್ಷೆ ಪೂರ್ತಿ ಮಾತಿನದೇ. ಮೊದಲ ಭಾಗದಲ್ಲಿ ಇಬ್ಬರನ್ನು ನಿಲ್ಲಿಸಿ ಒಂದೇ ಕೆಲಸ ಮಾಡಿಸುತ್ತಾರೆ, ಯಾರು ಬೇಗ ಮಾಡಿದರು, ಯಾರು ಚೆನ್ನಾಗಿ ಮಾಡಿದರು ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಬಾರದಿದ್ದರೆ ಎರಡನೇ ಭಾಗಕ್ಕೆ ಬಿಡುವುದೇ ಇಲ್ಲ. ಆ ಹನ್ನೊಂದು ಮಂದಿ ಎಲ್ಲವನ್ನೂ ಹೇಳಬಲ್ಲರು, ಅದೊಂದನ್ನು ಬಿಟ್ಟು.

ಅತ್ತೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ಕಾಗದ ಮುಂದೆ ಹಿಡಿದೆ. ಒಂದು ವಾರದ ಮಟ್ಟಿಗೆ ನಿಯಮ ಸಡಿಲಿಸಿ, ಇದನ್ನೂ ಹೇಳಿಕೊಡಿ ಎಂದು ಬೇಡಿಕೊಂಡೆ.

"ಹೇಳಿಕೊಡೋಕೆ ಏನಿದೆ ಅದರಲ್ಲಿ?" ಎಂದರು ಅತ್ತೆ. "ಅವ್ರಿಗೆ ಮೊದಲು ಬಂದಿದ್ದೇ ಆ ಮಾತು. ಹುಟ್ಟಿದಾಗಿಂದ ಕೇಳ್ತಿದಾರೆ. ಅದನ್ನ ಬಾಯಿಂದ ಬಿಡಿಸೋಕೆ ನಾನು ಇಷ್ಟು ವರ್ಷ ಒದ್ದಾಡಿದೀನಿ."

"ಕೋಣೆ ಹೋಗುತ್ತೆ, ಅತ್ತೆ."

"ಗೊತ್ತು."

ಕೊರಳ ದಾರವನ್ನು ಮುಟ್ಟಿ ನೋಡಿಕೊಂಡರು, ಅಷ್ಟೇ. ನಾನು ಮಾವನ ಕಡೆ ತಿರುಗಿದೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಟೈರು ಬಿಚ್ಚಿ ಹಾಕಿದ ಮಾವ, ಪೇಪರಿನಿಂದ ತಲೆ ಎತ್ತದೆ ಹೇಳಿದರು:

"ನಿಮ್ಮತ್ತೆ ಟೈರಲ್ಲಮ್ಮ, ಗಾಳಿ ಬಿಟ್ಟು ಇಳಿಸೋಕೆ."

ಪರೀಕ್ಷೆಯ ದಿನ ಅರ್ಜಿ ತುಂಬುವ ಕೆಲಸಕ್ಕೆ ನನ್ನನ್ನೇ ಕರೆದರು. ಹನ್ನೊಂದು ಮಂದಿಯಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಅಕ್ಷರ ಬಾರದು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹೋದೆ. ಬಟ್ಟೆ ಕೋಣೆಯ ಮೇಜಿನ ಒಂದು ತುದಿಯಲ್ಲಿ ಪರೀಕ್ಷಕಿ ಕೂತಿದ್ದರು, ಕನ್ನಡಕದ ಮೇಲಿಂದ ನೋಡುವ, ಸಿಡುಕದ ಹೆಂಗಸು. ಬಾಗಿಲ ಹತ್ತಿರ ಮ್ಯಾನೇಜರು. ಅತ್ತೆ ಹಬೆ ಕೊಳವೆಯ ಕೆಳಗೆ ಕೈಕಟ್ಟಿ ನಿಂತಿದ್ದರು.

ಮೊದಲ ಜೋಡಿ ಲಿಫ್ಟಣ್ಣ ಮತ್ತು ಐದನೇ ಮಹಡಿ. ಅಲ್ಲಿ ಹಾಸಿಗೆ ಹಾಸುವವರು ಒಬ್ಬರನ್ನೊಬ್ಬರು ಮಹಡಿಯ ಲೆಕ್ಕದಲ್ಲೇ ಕರೆಯುವುದು. ಐದನೇ ಮಹಡಿ ಎಂದರೆ ನಲವತ್ತರ ಆಸುಪಾಸಿನ, ಸದಾ ಸೊಂಟ ಹಿಡಿದುಕೊಂಡೇ ನಡೆಯುವ ಒಬ್ಬಾಕೆ. ಇಬ್ಬರಿಗೂ ಐದೈದು ಟವೆಲ್ಲು ಕೊಟ್ಟರು. ಆಕೆ ಮಡಿಸಿ ಮುಗಿಸಿ ಅಂಚು ಸವರುತ್ತಿರುವಾಗ ಲಿಫ್ಟಣ್ಣ ಎರಡನೆಯದರಲ್ಲಿ ಸಿಕ್ಕಿಹಾಕಿಕೊಂಡಿದ್ದ. ಕುರುಡರೂ ಹೇಳಬಹುದಿತ್ತು ಯಾರು ಬೇಗ ಎಂದು. ಪರೀಕ್ಷಕಿ ಅದನ್ನೇ ಕೇಳಿದರು.

ಇಬ್ಬರೂ ಅತ್ತೆಯ ಮುಖ ನೋಡಿದರು.

ಪರೀಕ್ಷಕಿ ಇನ್ನೂ ನಿಧಾನವಾಗಿ ಕೇಳಿದರು. ಆಗ ಐದನೇ ಮಹಡಿ ಸ್ಪಷ್ಟ ಇಂಗ್ಲಿಷಿನಲ್ಲಿ, ಸೋಮವಾರ ನಾನು ನಿಧಾನವಾಗಿ ಮಡಿಸಿದೆ, ಇವತ್ತು 'ಫಾಸ್ಟರ್' ಮಡಿಸಿದೆ ಎಂದಳು. ಯಾರಿಗಿಂತ ಎಂದರೆ, ಸೋಮವಾರಕ್ಕಿಂತ ಎಂದಳು. ಲಿಫ್ಟಣ್ಣನ ಸರದಿ ಬಂತು. ಅವನು ತನ್ನ ಟವೆಲ್ಲಿನ ರಾಶಿಯನ್ನು ಒಮ್ಮೆ ನೋಡಿ, ನಾನು ಕೆಟ್ಟದಾಗಿ ಮಡಿಸಿದ್ದೇನೆ, ಹೋದ ವರ್ಷ 'ವರ್ಸ್' ಮಡಿಸಿದ್ದೆ ಎಂದ. ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಪರೀಕ್ಷಕಿಯೂ ನಕ್ಕರು, ಆದರೆ ಅವರ ಕಾಗದದ ಆ ಜಾಗ ಖಾಲಿಯೇ ಉಳಿಯಿತು. ಎರಡನೇ ಜೋಡಿಯದೂ ಇದೇ ಕಥೆ. ಮೂರನೆಯದೂ ಇದೇ. ನಾನು ಲೇಖನಿಯ ಮುಚ್ಚಳ ಕಚ್ಚುತ್ತಾ ಕೂತಿದ್ದೆ.

ಪರೀಕ್ಷಕಿ ಇಂಗ್ಲಿಷ್ ಬಿಟ್ಟು ಅತ್ತೆಯ ಕಡೆ ತಿರುಗಿದರು.

"ಇವರಿಗೆ ಪ್ರಶ್ನೆ ಅರ್ಥ ಆಗ್ತಿಲ್ವಾ?"

"ಆಗಿದೆ ಮೇಡಂ. ಅದಕ್ಕೇ ಉತ್ತರ ಕೊಡ್ತಿಲ್ಲ."

ಮ್ಯಾನೇಜರು ಎರಡು ಹೆಜ್ಜೆ ಒಳಗೆ ಬಂದರು. ಅಮ್ಮ, ಎಲ್ಲರೂ ನಿಮ್ಮ ಮುಖ ನೋಡುತ್ತಿದ್ದಾರೆ, ನೀವು ಒಂದು ಸಲ ತಲೆಯಾಡಿಸಿದರೆ ಮುಗಿಯಿತು ಎಂದರು. ಮಾತಿನಲ್ಲಿ ಕೇಡಿರಲಿಲ್ಲ. ನಿಜ ಹೇಳುತ್ತೇನೆ, ಆಗ ನಾನೂ ಅವರ ಪಕ್ಷವೇ. ಅತ್ತೆ ಕಟ್ಟಿದ ಕೈ ಬಿಚ್ಚಲಿಲ್ಲ.

"ಮೇಡಂ, ಯಾರು ಹೆಚ್ಚು ಯಾರು ಕಡಿಮೆ ಅಂತ ಈ ಕಟ್ಟಡದಲ್ಲಿ ಒಂಬತ್ತು ಮಹಡೀಲೂ ಹೇಳ್ತಾರೆ. ಹೇಳದೇ ಇರೋದು ಇದೊಂದೇ ಕೋಣೇಲಿ. ಅದನ್ನ ಇಲ್ಲೂ ಹೇಳಿಸಿ ಉಳಿಸಿಕೊಂಡ್ರೆ, ನಾನು ಉಳಿಸಿಕೊಂಡಿದ್ದು ಯಾವ ಕೋಣೆ?"

ಆಮೇಲೆ ತಮ್ಮವರ ಕಡೆ ತಿರುಗಿದರು. ದನಿ ಸ್ವಲ್ಪ ಇಳಿಯಿತು.

"ನಿಮಗೆ ಬಿಲ್ಲೆ ಬೇಕು ಅಂದ್ರೆ ಹೇಳಿ. ಅದು ತಪ್ಪಲ್ಲ, ನಾನು ಮುಖ ಗಂಟು ಹಾಕ್ಕೊಳಲ್ಲ. ಆದ್ರೆ ಹೊರಗೆ ಹೋಗಿ ಹೇಳಿ. ಈ ಹೊಸ್ತಿಲೊಳಗೆ ಬೇಡ."

ಪರೀಕ್ಷಕಿ ಒಂದು ಗಳಿಗೆ ಯೋಚಿಸಿದರು. ಎಲ್ಲಿ ಕೂತು ಕೇಳಬೇಕೆಂದು ನಮ್ಮ ನಿಯಮದಲ್ಲೇನೂ ಬರೆದಿಲ್ಲ ಎಂದು ಹೇಳಿ, ಕುರ್ಚಿಯನ್ನು ತಾವೇ ಎತ್ತಿಕೊಂಡು ಹೊರಗಿನ ಓಣಿಯಲ್ಲಿ ಟ್ರಾಲಿಗಳ ನಡುವೆ ಹಾಕಿಕೊಂಡರು. ನನ್ನ ಎದೆಯಲ್ಲಿ ಒಂದು ದೀಪ ಹತ್ತಿದಂತಾಯಿತು. ಹನ್ನೊಂದು ಮಂದಿಯಲ್ಲಿ ಆರು ಮಂದಿ ಆ ಬಾಗಿಲು ದಾಟಿದರೆ ಸಾಕು, ಅತ್ತೆಯ ಮಾತೂ ಉಳಿಯಿತು, ಕೋಣೆಯೂ ಉಳಿಯಿತು.

ಪಾತ್ರೆ ಕೋಣೆಯ ಇಬ್ಬರು ಮೊದಲು ಹೋದರು, ತಲೆ ತಗ್ಗಿಸಿಕೊಂಡು. ಅವರ ಹಿಂದೆ ಎರಡನೇ ಮಹಡಿ. ಆಮೇಲೆ ಎಂಟನೇ ಮಹಡಿ. ಐದನೇ ಮಹಡಿ ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟಳು. ಮುಂಬಾಗಿಲಿನ ಕೆಲಸವೆಂದರೆ ಬಗ್ಗುವುದಿಲ್ಲ, ಹಾಸಿಗೆ ಎತ್ತುವುದಿಲ್ಲ.

"ಅಕ್ಕ, ನನ್ನ ಸೊಂಟ..." ಎಂದಳು.

"ಹೋಗಮ್ಮ. ಸೊಂಟ ನಿಂದು, ನಂದಲ್ಲ. ಹೋಗು."

ಆಕೆ ಹೋದಳು. ಹೊರಗಿನಿಂದ ಅವಳ ಗಟ್ಟಿ ದನಿ ಕೇಳಿಸಿತು: ನಾನು ಅವನಿಗಿಂತ 'ಫಾಸ್ಟರ್' ಮಡಿಸಿದೆ. ಚೊಕ್ಕ ಇಂಗ್ಲಿಷು, ಒಂದು ತಡವರಿಕೆಯಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿದೆ. ಐದು.

ಇನ್ನೊಬ್ಬರು ಸಾಕಿತ್ತು. ಉಳಿದ ಆರು ಮಂದಿಯ ಮುಖವನ್ನು ಒಂದೊಂದಾಗಿ ನೋಡಿದೆ. ನಾಲ್ಕು ಮಂದಿ ನೆಲ ನೋಡುತ್ತಿದ್ದರು, ಒಬ್ಬಾಕೆ ಮಡಿಸಿದ ಟವೆಲ್ಲನ್ನೇ ಮತ್ತೆ ಮಡಿಸುತ್ತಿದ್ದಳು. ಲಿಫ್ಟಣ್ಣ ಮಾತ್ರ ನನ್ನನ್ನೇ ನೋಡುತ್ತಿದ್ದ. ನಾಚಿಕೆ ಬಿಟ್ಟು ಅವನಿಗೆ ಕಣ್ಣಲ್ಲೇ ಬಾಗಿಲು ತೋರಿಸಿದೆ. ಅವನು ಎದ್ದ. ಎರಡು ಹೆಜ್ಜೆ ಇಟ್ಟು ಅತ್ತೆಯ ಮುಂದೆ ನಿಂತ.

"ನಾನೂ ಹೋಗಿ ಹೇಳಿದ್ರೆ ಕೋಣೆ ಉಳಿಯುತ್ತೆ ಅಲ್ವಾ ಅಕ್ಕ?"

"ಉಳಿಯುತ್ತೆ."

"ಹೋಗಿ ಹೇಳ್ಲಾ?"

"ನಿನಗೆ ಬಿಲ್ಲೆ ಬೇಕಾ?"

"ಬಿಲ್ಲೆ ಕಟ್ಕೊಂಡು ನಾನೇನ್ ಮಾಡ್ಲಿ? ಲಿಫ್ಟಲ್ಲಿ ಯಾರ್ ನೋಡ್ತಾರೆ."

"ಮತ್ತೆ ಯಾರಿಗೋಸ್ಕರ ಹೇಳ್ತೀಯ?"

"ನಿಮಗೋಸ್ಕರ."

"ಹಾಗಾದ್ರೆ ಕೂತ್ಕೋ," ಎಂದರು ಅತ್ತೆ.

ಮಗು ನನ್ನ ಕೂದಲು ಜಗ್ಗುತ್ತಿದ್ದರೂ ಬಿಡಿಸಿಕೊಳ್ಳುವ ಪರಿವೆಯಿರಲಿಲ್ಲ. ಲಿಫ್ಟಣ್ಣ ಹೋಗಿ ಕೂತ. ಮತ್ತೆ ಯಾರೂ ಏಳಲಿಲ್ಲ.

ಹೊರಗೆ ಹೋದ ಐದು ಮಂದಿಯೂ ಎರಡನೇ ಭಾಗವನ್ನೂ ದಾಟಿ ಪಾಸಾದರು. ಪರೀಕ್ಷಕಿ ಕಾಗದಕ್ಕೆ ಸಹಿ ಹಾಕಿ, ಹೊರಡುವ ಮುಂಚೆ ಅತ್ತೆಯ ಹತ್ತಿರ ಬಂದು, ಇಂಗ್ಲಿಷಿನಲ್ಲಿ ಏನೋ ಮೆಲ್ಲಗೆ ಹೇಳಿದರು. ಅತ್ತೆಯೂ ಇಂಗ್ಲಿಷಿನಲ್ಲೇ ಉತ್ತರಿಸಿದರು. ಇಬ್ಬರ ಮಾತೂ ನನಗೆ ಕೇಳಿಸಲಿಲ್ಲ, ಆಮೇಲೆ ಕೇಳಿದರೂ ಅತ್ತೆ ಹೇಳಲಿಲ್ಲ. ಮ್ಯಾನೇಜರು ಕೈ ಚಾಚುವ ಮೊದಲೇ ಅವರು ದಾರವನ್ನು ತಲೆಯ ಮೇಲಿಂದ ತೆಗೆದು ಬೀಗದಕೈಯನ್ನು ಮೇಜಿನ ಮೇಲಿಟ್ಟಿದ್ದರು. ಮರುದಿನ ಬೆಳಿಗ್ಗೆ ಹಲಗೆಗಳ ತುಂಬ ಸೋಪಿನ ಪೆಟ್ಟಿಗೆಗಳು ಬಂದವು.

ಎರಡು ದಿನ ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಒಬ್ಬನನ್ನು ಕಳಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅತ್ತೆಯ ಕತ್ತಿನಲ್ಲಿ ದಾರ ಉಜ್ಜಿದ ಗುರುತು ಕಾಣುತ್ತಿತ್ತು. ಕೆಲಸ ಮಾಡುವಾಗ ಕೈ ತಾನಾಗಿ ಅಲ್ಲಿಗೆ ಹೋಗಿ, ಏನೂ ಸಿಗದೆ ಇಳಿಯುತ್ತಿತ್ತು. ಅದನ್ನು ನೋಡಿದರೆ ಸಿಟ್ಟು ಇನ್ನೂ ಹೆಚ್ಚಾಗುತ್ತಿತ್ತು. ಮೂರನೇ ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ತನಗೆ ಬೇಡದ್ದನ್ನು ನನಗೋಸ್ಕರ ಹೇಳಿ ಬಂದರೆ ಮನೆಗೆ ಹೋಗಿ ನಿದ್ದೆ ಬರಬೇಕಲ್ಲ ಅವನಿಗೆ, ನನ್ನ ಸಾಲ ಹೊರಿಸಿ ಕಳಿಸಲೇ ಎಂದರು ಅತ್ತೆ. ಆಮೇಲೆ, ನೀನು ಅವನಿಗೆ ಕಣ್ಣು ಮಾಡಿದ್ದು ನನಗೆ ಕಾಣಲಿಲ್ಲ ಅಂದುಕೊಂಡೆಯಾ ಎಂದೂ ಕೇಳಿದರು.

ತರಗತಿ ನಿಲ್ಲಲಿಲ್ಲ. ಅತ್ತೆ ಅದನ್ನು ಇಸ್ತ್ರಿ ಹಾಲಿಗೇ ತಂದರು. ಪಾಳಿ ಮುಗಿದ ಮೇಲೆ ಕೂರಲು ಜಾಗವಿಲ್ಲ ತಾನೇ, ಹಾಗಾದರೆ ಪಾಳಿಯಲ್ಲೇ, ಕೈ ಕೆಲಸ ಮಾಡುತ್ತಿರಲಿ, ಬಾಯಿ ಪಾಠ ಹೇಳಲಿ. ಈಗ ಮಡಿಸುವುದು ಅಭ್ಯಾಸದ ಟವೆಲ್ಲುಗಳಲ್ಲ, ಅಂದಂದಿನ ನಿಜವಾದ ರಾಶಿ. ಈ ಮೇಜಿನಿಂದ ಆ ಮೇಜಿಗೆ ಹಬೆಯ ನಡುವೆ ಕೂಗಿ ಹೇಳುತ್ತಾರೆ: ಬೆಳಿಗ್ಗೆ ಸುಡುವ ಹಾಗೆ ಒತ್ತಿದೆ, ಈಗ 'ಲೈಟರ್' ಒತ್ತಿದೆ. ಟ್ರಾಲಿ ತಳ್ಳುತ್ತಾ ಬರುವ ಹಾಸಿಗೆಯವರು ನಿಂತು ಎರಡು ವಾಕ್ಯ ಹೇಳಿ ಹೋಗುತ್ತಾರೆ. ಲಿಫ್ಟಣ್ಣ ಲಿಫ್ಟಿನ ಬಾಗಿಲು ತೆಗೆದು, ಒಳಗಿನಿಂದಲೇ ತನ್ನದನ್ನು ಕೂಗಿ, 'ಸ್ಲೋಅರ್' ಹಾಕಿದೆ ಎನ್ನುತ್ತಾ ಬಾಗಿಲು ಹಾಕಿಕೊಳ್ಳುತ್ತಾನೆ. ಬಿಲ್ಲೆ ಸಿಕ್ಕ ಐದು ಮಂದಿಯೂ ಬರುತ್ತಾರೆ. ಐದನೇ ಮಹಡಿ ಈಗ ಮುಂಬಾಗಿಲಿನಲ್ಲಿದ್ದಾಳೆ, ಆದರೂ ಹೆಸರು ಐದನೇ ಮಹಡಿಯೇ. ಚಹಾದ ಬಿಡುವಿನಲ್ಲಿ ಕೆಳಗಿಳಿದು ಬರುವಾಗ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾಳೆ. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿಲ್ಲ. ಒಗೆಯುವ ಯಂತ್ರದ ಹತ್ತಿರ ಇರುವ ಮೂವರು ಗಂಡಸರು, ಇಂಗ್ಲಿಷ್ ನಮಗೇಕೆ ಎಂದು ಇಷ್ಟು ವರ್ಷ ಮೂಗು ಮುರಿಯುತ್ತಿದ್ದವರು, ಕಿವಿ ಮುಚ್ಚಿಕೊಳ್ಳಲಾಗದೆ ತಾವೂ ಕಲಿಯತೊಡಗಿದ್ದಾರೆ.

ಸದ್ದು ಮೇಲಕ್ಕೆ ಹೋಯಿತು. ಹೋದ ವಾರ ಅತ್ತೆ ಮರೆತು ಹೋಗಿದ್ದ ಊಟದ ಡಬ್ಬಿ ಕೊಡಲು ನಾನು ಹೋಗಿದ್ದಾಗ ಮ್ಯಾನೇಜರು ಇಳಿದು ಬಂದರು. ಕೆಲಸದ ಹೊತ್ತಿನಲ್ಲಿ ಇದೆಲ್ಲ ಬೇಡವಮ್ಮ, ಗಲಾಟೆಯಾಗುತ್ತದೆ ಎಂದರು. ಅತ್ತೆ ಅಂಗಿಯ ಕಾಲರು ಒತ್ತುತ್ತಿದ್ದರು. ಒತ್ತಿ ಮುಗಿಸಿ, ತಿರುಗಿಸಿ, ಇನ್ನೊಂದು ಬದಿಯನ್ನೂ ಒತ್ತಿದ ಮೇಲೆ ತಲೆ ಎತ್ತಿದರು.

"ಬರೆದು ಗೋಡೆಗೆ ಅಂಟಿಸಿ ಸಾರ್. ಈ ಹೋಟೆಲಲ್ಲಿ ಕೆಲಸದವರು ಇಂಗ್ಲಿಷ್ ಮಾತಾಡಬಾರದು ಅಂತ. ದೊಡ್ಡ ಅಕ್ಷರದಲ್ಲಿ ಬರೀರಿ, ಮೇಲಿನವರೂ ಬಂದು ಓದಲಿ. ನಾವು ಆವಾಗ್ಲೇ ಸುಮ್ನಾಗ್ತೀವಿ."

ಮ್ಯಾನೇಜರು ಗೋಡೆಯನ್ನು ನೋಡಿದರು, ಹಾಲನ್ನು ನೋಡಿದರು, ಜೇಬಿನಿಂದ ಲೇಖನಿ ತೆಗೆದು ಮತ್ತೆ ಜೇಬಿಗಿಟ್ಟರು. ಸ್ವಲ್ಪ ಮೆಲ್ಲಗೆ ಮಾತಾಡಿ ಎಂದಷ್ಟೇ ಹೇಳಿ ಲಿಫ್ಟಿನ ಕಡೆ ಹೊರಟರು. ಆ ಗೋಡೆಯ ಮೇಲೆ ಇವತ್ತಿನವರೆಗೂ ಏನೂ ಅಂಟಿಸಿಲ್ಲ. ನಿನ್ನೆ ಸಂಜೆಯ ಹೊತ್ತಿಗೆ ಹಾಲಿನಲ್ಲಿ ಕಲಿಯುವವರು ಹದಿನೇಳು ಮಂದಿ.